ಕಳೆ ನಾಟಿ

ಅಂಚೆಟ್ಟಿ ಕಡೆಯ ಕುಮಾರೇಶ ತನ್ನ ರಾಗಿ ಹೊಲದ ಕಳೆ ಕೀಳದೆ ಒಂದು ತಿಂಗಳಾಗಿತ್ತು. ಊರು ಅದನ್ನು ಸೋಮಾರಿತನ ಎಂದಿತು. ಪಾಪ, ಅದು ಪ್ರೀತಿ.

ಕಳೆಗಳ ಮೇಲೆ ಸಂಶೋಧನೆ ಮಾಡುವ ಭಾನು ಹೊಸೂರಿನಿಂದ ಬಂದು, ಅವನ ಹೊಲದ ಮೂಲೆಯಲ್ಲಿ ನಾಲ್ಕು ಗೂಟ ನೆಟ್ಟು ದಾರ ಕಟ್ಟಿ, ಒಳಗಿದ್ದ ನೆಲನೆಲ್ಲಿಯನ್ನು ಮಂಡಿಯೂರಿ ಎಣಿಸಿದ್ದಳು. "ಅರವತ್ತೊಂದು ಗಿಡ. ಕಾಮಾಲೆಗೆ ಕೊಡೋ ಮದ್ದು ಇದು. ಕೀಳಬೇಡಿ, ಮುಂದಿನ ತಿಂಗಳು ಬರ್ತೀನಿ. ಹೀಗೇ ಇದ್ರೆ ವರ್ಷಪೂರ್ತಿ ಬರ್ತೀನಿ" ಎಂದು ನಕ್ಕು ಹೋಗಿದ್ದಳು. ಅವನ ಮೂವತ್ನಾಲ್ಕು ವರ್ಷದಲ್ಲಿ ಯಾರೂ ಹಾಗೆ ನಕ್ಕು ಮತ್ತೆ ಬರುತ್ತೇನೆ ಎಂದಿರಲಿಲ್ಲ. ಅಂದಿನಿಂದ ದಿನಾ ಸಂಜೆ ಬದುವಿನ ಮೇಲೆ ಕೂತು ಅವಳು ಮಂಡಿಯೂರಿದ್ದ ಜಾಗವನ್ನೇ ನೋಡುತ್ತಿದ್ದ. ರಾಗಿ ಬಡವಾಗುತ್ತಿತ್ತು.

ಅವಳು ಬರುವ ದಿನ ಬೆಳಿಗ್ಗೆ ಕ್ಷೌರಕ್ಕೆಂದು ಅಂಚೆಟ್ಟಿಗೆ ನಡೆದ. ವಾಪಸು ಬಂದರೆ ಹೊಲವೂ ಅವನ ಗಲ್ಲದಷ್ಟೇ ನುಣ್ಣಗಾಗಿತ್ತು. ಪಕ್ಕದ ಹೊಲದ ಇಂದ್ರಮ್ಮ ನಾಲ್ಕು ಹೆಂಗಸರ ಜೊತೆ ಕೈ ತೊಳೆಯುತ್ತಿದ್ದಳು.

"ಹೋದ ವರ್ಸ ನಮ್ಮ ಹೊಲಕ್ಕೆ ಮುಯ್ಯಾಳಾಗಿ ಬಂದು ದುಡಿದಿದ್ದೆಯಲ್ಲ, ನಿನ್ನ ಕಳೆಯೆಲ್ಲ ಕಿತ್ತು ಆ ಮುಯ್ಯಿ ತೀರಿಸ್ಬುಟ್ವಿ ಕಣ್ಲಾ."

"ಆ ದಾರದೊಳಗಿಂದು?"

"ಅದ್ನೇ ಮೊದ್ಲು ಕಿತ್ತಿದ್ದು. ಯಾರೋ ಮಾಟ ಮಾಡಿ ದಾರ ಕಟ್ಟವ್ರೆ. ಅದಕ್ಕೇ ನೀನು ಹಿಂಗಾಗಿದ್ದೀಯ."

ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

"ಕಿತ್ತಿದ್ದು ಎಲ್ಲಿ ಹಾಕ್ದೆ ಅಕ್ಕಾ?"

"ಹಸೂಗೆ."

ಕುಮಾರೇಶ ಕೊಟ್ಟಿಗೆಗೆ ಓಡಿದ. ಕಹಿಯೆಂದು ಹಸು ನೆಲನೆಲ್ಲಿಯನ್ನು ಬದಿಗೆ ಸರಿಸಿತ್ತು. ಅವನು ಅರವತ್ತೊಂದು ಗಿಡ ಆರಿಸಿ ತಂದು, ದಾರ ಮತ್ತೆ ಕಟ್ಟಿ, ಒಂದೊಂದನ್ನೇ ನೆಟ್ಟು ಚೊಂಬಿನಲ್ಲಿ ನೀರು ಹಾಕಿದ. ರಾಗಿ ಪೈರು ನಾಟಿ ಮಾಡಿ ಪಳಗಿದ ಕೈ. ಸಾಲು ತಾನಾಗಿಯೇ ನೆಟ್ಟಗೆ ಬಂತು.

"ಮಾಟ ತಲೆಗೇರ್ಬುಟ್ಟೈತೆ" ಎಂದು ಇಂದ್ರಮ್ಮ ಮರುಗಿದಳು.

ಮೂರು ಗಂಟೆ ಬಸ್ಸಿಗೆ ಭಾನು ಬಂದಳು. ಮಂಡಿಯೂರಿ ಎಣಿಸಿದಳು. ಅರವತ್ತೊಂದು. ಕುಮಾರೇಶ ಉಸಿರು ಬಿಟ್ಟ. ಅವಳು ಸಾಲುಗಳನ್ನು ಮತ್ತೊಮ್ಮೆ ನೋಡಿದಳು.

"ಇವನ್ನ ನೀವೇ ನೆಟ್ರಾ?"

ಆ ಮುಖಕ್ಕೆ ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ. "ಹೂಂ. ನೀವು ಬತ್ತೀರಲ್ಲ ಅಂತ."

"ಇಷ್ಟು ಅಕ್ಕರೆ ಇರೋರನ್ನ ನಾನು ನೋಡೇ ಇಲ್ಲ" ಎಂದಳು ಭಾನು. ಕುಮಾರೇಶನಿಗೆ ನಿಂತ ನೆಲ ಮರೆತುಹೋಯಿತು. ಅವಳು ಗೂಟ ಕೀಳುತ್ತ ಮುಂದುವರಿಸಿದಳು: "ತಾನಾಗಿ ಹುಟ್ಟಿದ್ರೆ ಕಳೆ, ಅದು ನನ್ನ ಕೆಲಸ. ರೈತರು ನೆಟ್ಟರೆ ಔಷಧಿ ಬೆಳೆ, ಆ ವಿಭಾಗ ಬೇರೆ. ನಾನಿನ್ನು ಈ ಹೊಲಕ್ಕೆ ಬರೋ ಹಾಗಿಲ್ಲ. ಆದ್ರೆ ಆ ವಿಭಾಗದಲ್ಲಿ ನಿಮ್ಮ ಹೆಸರು ನಾನೇ ಬರೆಸ್ತೀನಿ. ಅಲ್ಲಿನ ಹನುಮಂತರಾಯಪ್ಪ ಸರ್ ಮೂರು ವರ್ಷ ಪ್ರತಿ ವಾರ ಬರ್ತಾರೆ. ವಯಸ್ಸಾದವರು, ಬಸ್ಸಿಂದ ಕೈ ಹಿಡಿದು ಇಳಿಸ್ಕೊಳ್ಳಿ. ಊಟ ನಿಮ್ಮಲ್ಲೇ."

ಕುಮಾರೇಶ ಗೂಟಗಳನ್ನು ಹೊತ್ತು ಅವಳನ್ನು ಬಸ್ಸು ಹತ್ತಿಸಿದ. ಬಸ್ಸು ತಿರುವು ದಾಟುವವರೆಗೂ ನೋಡುತ್ತ ನಿಂತ. ಇನ್ನು ಮೂರು ವರ್ಷ, ವಾರವಾರವೂ ಇದೇ ಬಸ್ಸಿಗೆ ಅವನು ಕಾಯಬೇಕು. ಕೈ ಹಿಡಿದು ಇಳಿಸಿಕೊಳ್ಳಲೂಬಹುದು.