ಅಳಿಯನಿಗೆ ಬೇಡವಾಗುವಂಥ ಸರ್ವರ್

ನಾಜಿರಾ ಫೋನಿನಲ್ಲಿ ಒಂದು ಮಾತು ಹೆಚ್ಚಿಗೆ ಆಡಿಬಿಟ್ಟಳು. ತಪ್ಪು ಅಷ್ಟೇ. ಗಂಡನ ಹಿರಿಯಕ್ಕ ರಾಬಿಗಾಳ ಜೊತೆ ಮಂಡಿನೋವು, ಟೊಮೆಟೊ ಉಪ್ಪು ಹಾಕಿದ್ದು, ಯಾರದೋ ಸೊಸೆ ಯಾರಿಗೋ ಎದುರು ಮಾತಾಡಿದ್ದು ಎಲ್ಲ ಮುಗಿದ ಮೇಲೆ, ಫೋನು ಇಡುವ ಮುಂಚೆ ಬರಿಗೈಯಲ್ಲಿ ಕಳಿಸಬಾರದೆಂಬಂತೆ, "ನಿಮ್ಮ ತಮ್ಮ ಅತ್ತೆಯ ಟೇಪುಗಳನ್ನೆಲ್ಲ ಇಡೋಕೆ ಏನೋ ದೊಡ್ಡ ಮಿಷಿನ್ ಕಟ್ತಾರಂತೆ. ಇವತ್ತು ಸಾಮಾನು ತರೋಕೆ ಹೊರಟಿದಾರೆ" ಎಂದಳು.

ಹತ್ತು ನಿಮಿಷದೊಳಗೆ ಅವಳ ಗಂಡ ದೋಸ್ಬೋಲನ ಫೋನು ಹೊಡೆದುಕೊಂಡಿತು.

"ಮಾವಾ, ನಾನು ಒರಿನ್ಬೆಕ್. ಸಂಜೆ ಆರಕ್ಕೆ ನಿನ್ ಮನೇಲೇ ಚಹಾ. ಹೊಸ ಮಿಷಿನ್ನಂತೆ? ನೋಡ್ಬೇಕು."

ದೋಸ್ಬೋಲ್ ಒಂದೇ ಕಾಲಿಗೆ ಕಾಲುಚೀಲ ಹಾಕಿಕೊಂಡವನು ಹಾಗೆಯೇ ಕುಳಿತುಬಿಟ್ಟ.

ಅವನಿಗೆ ನಲವತ್ತಮೂರು. ಅವನ ಅಳಿಯನಿಗೆ, ಅಂದರೆ ರಾಬಿಗಾಳ ಮಗ ಒರಿನ್ಬೆಕನಿಗೆ, ಐವತ್ತೊಂದು. ಎಂಟು ಮಕ್ಕಳ ಮನೆಯಲ್ಲಿ ಹೀಗಾಗುವುದುಂಟು. ದೋಸ್ಬೋಲ್ ತೊಟ್ಟಿಲಲ್ಲಿ ಅಳುತ್ತಿದ್ದಾಗ ಹಿರಿಯಕ್ಕನ ಮಗ ಆಗಲೇ ಕುದುರೆ ಓಡಿಸುತ್ತಿದ್ದ. ಹಾಗಾಗಿ ಮಾವ ವಯಸ್ಸಿಗೆ ಮರ್ಯಾದೆ ಕೊಟ್ಟು ಅಳಿಯನನ್ನು 'ನೀವು' ಎನ್ನುತ್ತಿದ್ದ. ಅಳಿಯ ಸಲುಗೆಯಿಂದ ಮಾವನನ್ನು 'ನೀನು' ಎನ್ನುತ್ತಿದ್ದ. ಕಷ್ಟ ಅದಲ್ಲ. ಹೆಣ್ಣುಮಗಳ ಮಕ್ಕಳು ತಾಯಿಯ ತವರಿನಿಂದ ಜೀವಮಾನದಲ್ಲಿ ಒಬ್ಬೊಬ್ಬರೂ ಮೂರು ಸಲ, ಮನಸ್ಸಿಗೆ ಬಂದದ್ದನ್ನು ಕೇಳಿ ತೆಗೆದುಕೊಂಡು ಹೋಗಬಹುದು. ಕೊಡುವುದಿಲ್ಲ ಎಂದವನ ಮನೆಯಲ್ಲಿ ಆಮೇಲೆ ತರಾಜ಼್ ಊರಿನ ಯಾರೂ ರೊಟ್ಟಿ ಮುರಿಯುವುದಿಲ್ಲ.

ಒರಿನ್ಬೆಕ್ ಏಳು ವರ್ಷದವನಿದ್ದಾಗ ಮೊದಲ ಸಲ ಕೇಳಿದ್ದು ಹಣೆಯಲ್ಲಿ ಬಿಳಿ ಬೊಟ್ಟಿದ್ದ ಕುದುರೆಮರಿಯನ್ನು. ಅದು ದೋಸ್ಬೋಲ್ ಹುಟ್ಟುವ ಮೊದಲಿನ ಸಂಗತಿ, ಅವನಿಗೇನೂ ಬೇಸರವಿಲ್ಲ. ಎರಡನೆಯದು ತೊಂಬತ್ತಮೂರರಲ್ಲಿ. ಕರೆಂಟು ದಿನಕ್ಕೆ ಮೂರು ಗಂಟೆ ಬರುತ್ತಿದ್ದ ಕಾಲ. ಅಪ್ಪ ಎರಡು ಕುರಿ ಮಾರಿ ತಂದ ಜೋಡಿ ಕ್ಯಾಸೆಟ್ಟಿನ ಟೇಪ್‌ರೆಕಾರ್ಡರು ಹದಿಮೂರರ ದೋಸ್ಬೋಲನ ತೊಡೆಯ ಮೇಲೆ ಹಾಡುತ್ತಿತ್ತು. ಅಳಿಯ ಬಂದ, ಮೀಸೆ ಸವರಿದ, ಕೇಳಿದ. "ಕೊಡೋ, ಅಕ್ಕನ ಮಗ" ಎಂದಳು ಅಮ್ಮ. ಹಾಡು ಅರ್ಧಕ್ಕೆ ನಿಂತಿತು. ಅದರ ಉಳಿದರ್ಧವನ್ನು ದೋಸ್ಬೋಲ್ ಇವತ್ತಿಗೂ ಕೇಳಿಲ್ಲ.

ಮೂರನೆಯದು ಮೂವತ್ತು ವರ್ಷದಿಂದ ಬಾಕಿ ಇತ್ತು. ಅಳಿಯ ಲಾರಿ ಓಡಿಸುವವನು. ವರ್ಷಕ್ಕೆ ಎರಡು ಸಲ ಊರಿಗೆ ಬರುತ್ತಿದ್ದ. ಆ ಎರಡು ದಿನ ದೋಸ್ಬೋಲನ ಮನೆಯ ಫ್ರಿಜ್ ಹಳೆಯ ಹೊದಿಕೆ ಹೊದ್ದು, ಸೀಕಾದ ಅಜ್ಜಿಯ ಹಾಗೆ ಮೂಲೆಯಲ್ಲಿ ನಿಲ್ಲುತ್ತಿತ್ತು. ಈಗ ಅವನು ಲಾರಿ ಬಿಟ್ಟಿದ್ದ. ಇವತ್ತಿನಿಂದ ಎದುರಿನ ಕಟ್ಟಡದಲ್ಲೇ ವಾಸ.

"ಹಾಗಿದ್ರೆ ಇವತ್ತು ತರಬೇಡಿ" ಎಂದಳು ನಾಜಿರಾ.

"ಇವತ್ತು ಬಿಟ್ರೆ ನಾಳೆ ಅವನೇ ಅಂಗಡಿಗೆ ಜೊತೆಗೆ ಬರ್ತಾನೆ. ಅವನೇ ಆರಿಸ್ತಾನೆ. ಅವನೇ ಹೊತ್ಕೊಂಡು ಹೋಗ್ತಾನೆ."

ಕಾಯುವುದಕ್ಕೂ ಆಗುತ್ತಿರಲಿಲ್ಲ. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ನಲವತ್ತಾರು ವಿಡಿಯೊ ಟೇಪುಗಳಿದ್ದವು. ಮದುವೆ, ತೊಟ್ಟಿಲು, ಅಪ್ಪನ ಕೊನೆಯ ಔತಣ. ಎಲ್ಲಕ್ಕಿಂತ ಹೆಚ್ಚಾಗಿ ತೊಂಬತ್ತಾರರ ಅಮ್ಮನ ಅರವತ್ತರ ಹಬ್ಬ. ಅವತ್ತು ಊಟದ ನಡುವೆ ಕರೆಂಟು ಹೋಗಿ, ಯಾರೋ ಕಾರನ್ನು ಅಂಗಳಕ್ಕೆ ತಂದು ದೀಪ ಹಾಕಿ, ಆ ಬೆಳಕಿನಲ್ಲಿ ಅಮ್ಮ ಎದ್ದು ನಿಂತು ಹಾಡಿದ್ದಳು. ಅವಳ ದನಿ ಎಲ್ಲಾದರೂ ಉಳಿದಿದ್ದರೆ ಅದೊಂದು ಟೇಪಿನಲ್ಲಿ. ಮೊನ್ನೆ ಮುಚ್ಚಳ ತೆಗೆದರೆ ಟೇಪಿನ ಅಂಚಿಗೆ ಹಿಟ್ಟು ಚೆಲ್ಲಿದ ಹಾಗೆ ಬೂಷ್ಟು ಹಿಡಿದಿತ್ತು. ಎಲ್ಲವನ್ನೂ ಬೇಗ ಒಂದು ಸರ್ವರಿಗೆ, ಅಂದರೆ ಸದಾ ಎಚ್ಚರವಿರುವ ಕಂಪ್ಯೂಟರಿಗೆ, ನಕಲು ಮಾಡಿ ಇಡಬೇಕಿತ್ತು.

ಮೆಟ್ಟಿಲು ಇಳಿಯುವಾಗ ಎಲ್ಲರೂ ಅಪಾ, ಅಂದರೆ ಅಕ್ಕ, ಎಂದು ಕರೆಯುವ ಪಕ್ಕದ ಮನೆಯ ಕುಲ್ಯಾಶ್ ಅಪಾ ಕಸದ ಬುಟ್ಟಿ ಹಿಡಿದು ನಿಂತಿದ್ದರು. ಮೂವತ್ತೈದು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು. ಗೋಡೆಯಾಚೆಯ ಮಾತೂ ಅವರಿಗೆ ಮೊದಲ ಬೆಂಚಿನಷ್ಟೇ ಸ್ಪಷ್ಟ.

"ಅಳಿಯ ಬರ್ತಾನಂತೆ?"

"ನಿಮಗೆ ಹೇಗೆ..."

"ಕೇಳಿಸ್ಕೊಳ್ಳಲಿಲ್ಲ. ಕೇಳಿಸ್ತು. ನೋಡು ಮಗನೇ, ನಾನು ಹೇಳೋದು ಇಷ್ಟೇ. ಚೆಂದ ಇರೋದನ್ನ ಕೊಂಡ್ರೆ ತಗೊಂಡು ಹೋಗ್ತಾನೆ. ಅವನಿಗೆ ಬೇಡ ಅನ್ನಿಸೋ ಥರದ್ದು ತಗೋ. ಮುಖ ಸಿಂಡರಿಸ್ಕೊಂಡು ವಾಪಸ್ ಹೋಗ್ಬೇಕು ಅವನು."

ಕೆಳಗೆ ಬೆಂಚಿನ ಮೇಲೆ ಬಿಸಿಲು ಕಾಯುತ್ತಿದ್ದ ರೋಬೆರ್ತ್, ಕಾರ್ಖಾನೆಯಿಂದ ನಿವೃತ್ತನಾದ ಕೊರಿಯನ್ ಬೆಸುಗೆಯವನು, ಕೇಳದೆಯೇ ತಲೆ ಹಾಕಿದ. "ಅದು ಸಾಲದು ಅಪಾ. ಗೋಡೆಗೆ ಬಿಗಿದುಬಿಡೋಣ. ನಾಲ್ಕು ಬೋಲ್ಟ್. ಗೋಡೆ ಕೇಳೋ ಹಕ್ಕು ಯಾವ ಅಳಿಯನಿಗೂ ಇಲ್ಲ."

ಹೀಗೆ ಒಬ್ಬನಾಗಿ ಹೊರಟವನು ಮೂವರಾಗಿ ಬಸ್ಸು ಹತ್ತಿದ.

ಬಜಾರಿನ ಕಂಪ್ಯೂಟರ್ ಸಾಲಿನಲ್ಲಿ ಅಂಗಡಿಯವನು ಮೂವರನ್ನೂ ನೋಡಿ ಗಾಜಿನ ಪೆಟ್ಟಿಗೆಯೊಂದರ ಗುಂಡಿ ಒತ್ತಿದ. ಒಳಗೆ ಫ್ಯಾನುಗಳು ಕೆಂಪು, ನೇರಳೆ, ಹಸಿರಾಗಿ ಮದುವೆ ಮಂಟಪದ ಹಾಗೆ ಮಿನುಗಿದವು.

"ಗೇಮ್ ಆಡೋಕಾ ಅಣ್ಣಾ?"

"ಅಲ್ಲ. ಅಮ್ಮನ್ನ ಇಡೋಕೆ."

ಅಂಗಡಿಯವನು ಮೆಲ್ಲಗೆ ಗುಂಡಿ ಆರಿಸಿದ.

ದೋಸ್ಬೋಲ್ ಮೂರು ತಿಂಗಳು ಕೂತು ಬರೆದ ಚೀಟಿ ಬಿಡಿಸಿದ. ಕರೆಂಟು ಕಡಿಮೆ ತಿನ್ನುವ ಪುಟ್ಟ ಪ್ರೊಸೆಸರು, ಏಕೆಂದರೆ ಮಿಷಿನ್ನು ಹಗಲೂ ರಾತ್ರಿ ಎಚ್ಚರವಿರಬೇಕು. ಸಾಧಾರಣ ಮದರ್‌ಬೋರ್ಡು. ಹಗಲಿರುಳು ತಿರುಗುವುದಕ್ಕೆಂದೇ ಮಾಡಿದ ನಾಲ್ಕು ಟೆರಾಬೈಟಿನ ಹಾರ್ಡ್‌ಡಿಸ್ಕು, ಒಂದಲ್ಲ, ಎರಡು. ಎರಡರಲ್ಲೂ ಅದನ್ನೇ ಬರೆಯುತ್ತದೆ, ಒಂದು ಸತ್ತರೆ ಇನ್ನೊಂದು ಉಳಿಯುತ್ತದೆ. "ಸರ್ಕಾರಿ ಅರ್ಜಿ ಹಾಗೆ, ಎರಡು ಪ್ರತಿ" ಎಂದು ಅಪಾ ಒಪ್ಪಿದರು. ಪವರ್ ಸಪ್ಲೈ ಮಾತ್ರ ಅಗ್ಗದ್ದು ಬೇಡವೆಂದು ರೋಬೆರ್ತ್ ಹಟ ಹಿಡಿದು, ಅಲ್ಲಿದ್ದ ಐದನ್ನೂ ಕೈಯಲ್ಲಿ ತೂಗಿ, ಎಲ್ಲಕ್ಕಿಂತ ಭಾರದ್ದನ್ನು ಆರಿಸಿದ. ಅಂಗಡಿಯವನು ಬೆರಗಾದ, ಅದೇ ಸರಿಯಾದದ್ದಾಗಿತ್ತು.

ಜಗಳ ಬಂದದ್ದು ಫ್ಯಾನಿಗೆ. ದೋಸ್ಬೋಲನಿಗೆ ಸದ್ದಿಲ್ಲದ್ದು ಬೇಕಿತ್ತು.

"ಸದ್ದು ಮಾಡೋದೇ ತಗೋ" ಎಂದರು ಅಪಾ. "ಗೊರಕೆ ಹೊಡೆಯೋ ಗಂಡನ್ನ ಯಾರೂ ಹಾರಿಸ್ಕೊಂಡು ಹೋಗಲ್ಲ. ನನ್ನನುಭವ."

"ನಾನು ಆ ಕೋಣೇಲೇ ಮಲಗ್ಬೇಕು ಅಪಾ!"

"ನಾನೂ ಮಲಗಿದೆ. ನಲವತ್ತು ವರ್ಷ."

ಸದ್ದಿನದೇ ಬಂತು. ಇನ್ನು ಉಳಿದದ್ದು ಹೊರಗಿನ ಪೆಟ್ಟಿಗೆ. ಕಪ್ಪು ಹೊಳಪಿನದು ತಂದರೆ ಅಪಾ ತಲೆಯಾಡಿಸಿದರು. ಬಿಳಿಯದು ತಂದರೆ ರೋಬೆರ್ತ್, "ಇದನ್ನ ನಾನೇ ಕದೀತೀನಿ" ಎಂದ. ಅಂಗಡಿಯವನ ತಾಳ್ಮೆ ತೀರಿತು. "ನಿಮಗೆ ನಿಜವಾಗ್ಲೂ ಎಂಥದ್ದು ಬೇಕು?"

"ಇದಕ್ಕಿಂತ ಕೆಟ್ಟದ್ದು" ಎಂದರು ಮೂವರೂ ಒಟ್ಟಿಗೆ.

ಅವನು ತಾನು ಕಾಲು ಚಾಚಿಡುತ್ತಿದ್ದ ಕಬ್ಬಿಣದ ಪೆಟ್ಟಿಗೆಯನ್ನು ಮೇಜಿನ ಕೆಳಗಿಂದ ಎಳೆದ. ಯಾವುದೋ ಮುಚ್ಚಿದ ಕಚೇರಿಯದು. ಒಂದು ಮೂಲೆ ನಜ್ಜುಗುಜ್ಜಾಗಿತ್ತು. ಡಿಸ್ಕಿಗೆ ಸರಿಯಾಗಿ ಎರಡೇ ಗೂಡು. ಒಳಗಿಂದ ಅಂಗಡಿಯ ಬೆಕ್ಕು ಎದ್ದು ಬಂದು, ಮೈಮುರಿದು, ಅವಮಾನವಾದವಳ ಹಾಗೆ ಹೊರಟುಹೋಯಿತು. ದೋಸ್ಬೋಲನ ಕಣ್ಣು ತುಂಬಿತು. ಮೂರು ತಿಂಗಳು ಅವನು ಕನಸು ಕಂಡದ್ದು ಇಂಥದ್ದನ್ನಲ್ಲ. ಆದರೂ ಕೈಮುಗಿದು ತೆಗೆದುಕೊಂಡ.

ಮನೆಗೆ ಬಂದು ಜೋಡಿಸುವಾಗ ಮೂರು ಗಂಟೆ. ರೋಬೆರ್ತ್ ಬೇಲಿಗೆ ಬಳಿದುಳಿದ ಕಂದು ಬಣ್ಣವನ್ನು ಪೆಟ್ಟಿಗೆಗೆ ಬಳಿದ. ಅದು ದೋಸ್ಬೋಲನ ಒಳ್ಳೆಯ ಅಂಗಿಗೂ ಸಾಕಷ್ಟು ಬಂತು. ಆಮೇಲೆ ಡ್ರಿಲ್ ತಂದ. ಗೋಡೆ ಹಳೆಯ ಕಾಂಕ್ರೀಟು, ಬಗ್ಗುವುದಿಲ್ಲ ಎಂದುಕೊಂಡು ಮೈಭಾರ ಹಾಕಿ ಒತ್ತಿದ. ಡ್ರಿಲ್ ಥಟ್ಟನೆ ಗೋಡೆಯ ಆಚೆಗೇ ತೂರಿತು. ಆಚೆ ಏನೋ ಜಾರಿ, ಉರುಳಿ, ಒಂದಾದ ಮೇಲೊಂದರಂತೆ ಒಡೆದ ಸದ್ದು.

ಕುಲ್ಯಾಶ್ ಅಪಾ ನಿಧಾನವಾಗಿ ಎದ್ದರು. "ನನ್ನ ಏಪ್ರಿಕಾಟ್ ಜಾಮು" ಎಂದರು.

ಹನ್ನೊಂದು ಬಾಟಲಿ. ಆದರೆ ಮೇಷ್ಟರಮ್ಮ ಎತ್ತಿಕೊಂಡ ಪಾಠವನ್ನು ಅರ್ಧಕ್ಕೆ ಬಿಡುವವರಲ್ಲ. "ತೂತು ಹೇಗೂ ಬಿತ್ತು. ಬೋಲ್ಟು ಉದ್ದದ್ದೇ ಹಾಕು, ನನ್ನ ಕಡೆಯಿಂದ ನಟ್ಟು ಬಿಗಿ. ಆಗ ಅವನು ಕೀಳ್ಬೇಕಾದ್ರೆ ನನ್ನನ್ನೂ ಕೇಳ್ಬೇಕು." ಐದೂವರೆಗೆ ಯಂತ್ರ ಎರಡು ಮನೆಗಳ ನಡುವೆ ಗಡಿಕಲ್ಲಿನಂತೆ ನೆಟ್ಟಿತ್ತು. ಗುಂಡಿ ಒತ್ತಿದರೆ ಹತ್ತಿ ಹಿಂಜುವ ಮಿಷಿನ್ನಿನಂತೆ ಗೊರಗೊರ ಎಂದಿತು. ಇಷ್ಟು ಕುರೂಪದ ವಸ್ತುವನ್ನು ಆ ಮನೆ ಹಿಂದೆಂದೂ ಕಂಡಿರಲಿಲ್ಲ.

ಆರು ಗಂಟೆಗೆ ಸರಿಯಾಗಿ ಒರಿನ್ಬೆಕ್ ಬಂದ. ಕಂಕುಳಲ್ಲಿ ಕರಬೂಜ, ಹೆಗಲ ಮೇಲೊಂದು ಮೂಟೆ. ಆಲೂಗೆಡ್ಡೆ ಇರಬೇಕೆಂದು ನಾಜಿರಾ ಖುಷಿಪಟ್ಟಳು. ಅವನು ಮೂಟೆ ಇಳಿಸಿ, ನೇರವಾಗಿ ಗೋಡೆಯ ಹತ್ತಿರ ಹೋಗಿ, ಒಂದು ಬೆರಳಿನಿಂದ ಪೆಟ್ಟಿಗೆ ಮುಟ್ಟಿದ. ಬೆರಳಿಗೆ ಕಂದು ಬಣ್ಣ ಹತ್ತಿತು.

"ಇದೇನಾ ಮಾವ?"

"ಇದೇ."

"ಥೂ. ನನ್ನ ಲಾರಿಯ ಬ್ಯಾಟರಿ ಪೆಟ್ಟಿಗೆ ಇದಕ್ಕಿಂತ ಲಕ್ಷಣವಾಗಿತ್ತು. ಯಾರಾದ್ರೂ ಪುಕ್ಕಟೆ ಕೊಟ್ರೂ ಬೇಡ."

ದೋಸ್ಬೋಲ್ ಮೂವತ್ತು ವರ್ಷದಲ್ಲಿ ಮೊದಲ ಬಾರಿ ಪೂರ್ತಿ ಉಸಿರು ಬಿಟ್ಟ. ರೋಬೆರ್ತ್ ಅಪಾಗೆ ಕಣ್ಣು ಮಿಟುಕಿಸಿದ. ಅಪಾ ಚಹಾಕ್ಕೆ ಎರಡು ಚಮಚ ಸಕ್ಕರೆ ಹೆಚ್ಚಿಗೆ ಹಾಕಿಕೊಂಡರು.

ಬೇಯಿಸಿದ ಮಾಂಸದ ಬೆಶ್‌ಬರ್ಮಕ್ಕಿನ ತಟ್ಟೆ ಬಂತು. ಅಳಿಯ, "ಅಜ್ಜೀದು ಏನಾದ್ರೂ ಹಾಕು ಮಾವ, ನೋಡೋಣ" ಎಂದ. ದೋಸ್ಬೋಲ್ ಬೂಷ್ಟು ಒರೆಸಿ ತೊಂಬತ್ತಾರರ ಟೇಪು ಹಾಕಿದ. ಗೆರೆ ಗೆರೆಯ ಹಿಮದ ನಡುವೆ ಅಂಗಳ ಮೂಡಿತು. ಹಿಂದೆ ಇಡೀ ಕಟ್ಟಡಕ್ಕೆ ಇದೊಂದೇ ಮನೆಯಲ್ಲಿ ವಿಡಿಯೊ ಇದ್ದಾಗ ನೆಲದ ಮೇಲೆ ಹೇಗೆ ಒತ್ತೊತ್ತಾಗಿ ಕೂರುತ್ತಿದ್ದರೋ ಹಾಗೆಯೇ ಎಲ್ಲರೂ ಒತ್ತಿ ಕುಳಿತರು. ತೆಳ್ಳಗಿನ ಯುವಕನೊಬ್ಬ ದೊಂಬರವನಂತೆ ಕುಣಿಯುತ್ತಿದ್ದ.

"ಅದ್ಯಾರು?"

"ನೀವೇ."

"ಕೂದಲಿದೆಯಲ್ಲೋ!"

ನಗುವಷ್ಟರಲ್ಲಿ ಪರದೆಯಲ್ಲಿ ಕರೆಂಟು ಹೋಗಿ, ಕಾರಿನ ದೀಪ ಹತ್ತಿ, ಅಮ್ಮ ಎದ್ದು ನಿಂತಿದ್ದಳು. ಎರಡು ಸಾಲು ಹಾಡಿದಳು. ಬೂಷ್ಟು ಹಿಡಿದ ಕಡೆ ಅವಳ ದನಿ ನೀರಿನೊಳಗಿಂದ ಬಂದ ಹಾಗೆ ಕೇಳಿಸಿತು. ದೋಸ್ಬೋಲ್ ಟೇಪು ನಿಲ್ಲಿಸಿದ. "ಇನ್ನೊಂದು ಚಳಿಗಾಲ ಇದು ತಡೆಯಲ್ಲ. ನಾಳೆಯಿಂದ ಒಂದೊಂದಾಗಿ ಒಳಗೆ ಹಾಕ್ತೀನಿ."

"ಎಷ್ಟು ಹಿಡಿಸುತ್ತೆ ಅದರಲ್ಲಿ?"

ಇಲ್ಲಿ ಸುಮ್ಮನಿದ್ದರೆ ದೋಸ್ಬೋಲ್ ಬದುಕುತ್ತಿದ್ದ. ಆದರೆ ಇಡೀ ದಿನ ತನ್ನ ಕನಸನ್ನು ತಾನೇ ಹಾಳುಮಾಡಿಕೊಂಡು ಬಂದವನಿಗೆ ಒಂದೇ ಒಂದು ಒಳ್ಳೆಯ ಮಾತು ಆಡಬೇಕೆನಿಸಿತ್ತು.

"ಹೊರಗಿಂದ ನೋಡ್ಬೇಡಿ. ನಾಲ್ಕು ಟೆರಾಬೈಟ್! ನಮ್ಮ ಏಳು ತಲೆಮಾರಿನ ಮದುವೆ ಹಿಡಿಸುತ್ತೆ. ಮೇಲೆ ಎರಡೆರಡು ಪ್ರತಿ. ನೂರು ವರ್ಷ ಏನೂ ಆಗಲ್ಲ."

"ಈಗ ಅಷ್ಟೂ ಖಾಲಿನಾ?"

"ಪೂರ್ತಿ ಖಾಲಿ!"

ಒರಿನ್ಬೆಕ್ ಕೈ ಒರೆಸಿಕೊಂಡ. ಮೀಸೆ ಸವರಿದ. ಆ ಸನ್ನೆ ಕಂಡದ್ದೇ ದೋಸ್ಬೋಲನಿಗೆ ಹದಿಮೂರು ವರ್ಷವಾಯಿತು.

"ಮಾವ, ನನ್ನದೊಂದು ಬಾಕಿ ಇದೆ. ಪೆಟ್ಟಿಗೆ ನಿನ್ನ ಹತ್ರಾನೇ ಇರಲಿ, ಅದರ ಮುಖ ನೋಡೋಕಾಗಲ್ಲ. ನನಗೆ ಅದರೊಳಗಿನ ಖಾಲಿ ಜಾಗ ಕೊಡು."

ಎದ್ದು ಹೋಗಿ ಮೂಟೆಯ ಬಾಯಿ ಬಿಚ್ಚಿದ. ಆಲೂಗೆಡ್ಡೆ ಇರಲಿಲ್ಲ. ನೂರಾರು ಮೆಮೊರಿ ಕಾರ್ಡು, ಒಡಕಲು ಡಿಸ್ಕು, ಟೀ ಪೊಟ್ಟಣಗಳಲ್ಲಿ ಸುತ್ತಿಟ್ಟ ಪೆನ್‌ಡ್ರೈವು. ಲಾರಿಯ ಮುಂಗಾಜಿಗೆ ಅಂಟಿಸಿದ್ದ ಕ್ಯಾಮೆರಾ ಹನ್ನೊಂದು ವರ್ಷ ಕಂಡದ್ದು.

"ಬರೀ ರಸ್ತೆನಾ?" ಎಂದಳು ನಾಜಿರಾ.

"ರಸ್ತೇನೇ. ನಿನ್ನ ಗಂಡನಿಗೆ ಅಜ್ಜಿ ಟೇಪಿದೆ, ಮದುವೆ ಟೇಪಿದೆ. ನನ್ನ ಮಕ್ಕಳ ಮದುವೆಗೇ ನಾನು ಊಟದ ಹೊತ್ತಿಗೆ ಬಂದು ಊಟದ ಹೊತ್ತಿಗೆ ಹೋದವನು. ನನ್ನ ಆಯುಸ್ಸು ಎಲ್ಲಿ ಹೋಯ್ತು ಅಂತ ಯಾರಾದ್ರೂ ಕೇಳಿದ್ರೆ ತೋರಿಸೋಕೆ ಇಷ್ಟೇ ಇರೋದು. ಒಂದೊಂದೇ ಕಾರ್ಡು ಸಾಯ್ತಿದೆ ಮಾವ."

ದೋಸ್ಬೋಲ್ ಕೊನೆಯ ಪ್ರಯತ್ನ ಮಾಡಿದ. "ಮಿಷಿನ್ನನ್ನೇ ತಗೊಂಡು ಹೋಗಿ. ಪೂರ್ತಿ ನಿಮ್ಮದೇ." ಹೋದರೆ ಪೀಡೆ ಹೋಯಿತು, ಮುಂದೆ ಯಾವಾಗಲಾದರೂ ಲಕ್ಷಣವಾದದ್ದೊಂದು ಕೊಳ್ಳಬಹುದು.

"ಹೇಗೆ ತಗೊಳ್ಳಲಿ? ಗೋಡೆಗೆ ಬಿಗಿದಿದ್ದೀಯಲ್ಲ!"

"ಬಿಚ್ಚೋಣ!" ಎಂದ ದೋಸ್ಬೋಲ್.

"ಅದಾಗಲ್ಲ" ಎಂದ ರೋಬೆರ್ತ್ ಹೆಮ್ಮೆಯಿಂದ. "ನಟ್ಟಿಗೆ ಬೆಸುಗೆ ಹಾಕಿದೀನಿ."

ಮೂಟೆ ಯಂತ್ರಕ್ಕಿಳಿಯಲು ಒಂಬತ್ತು ದಿನ ಹಿಡಿಯಿತು. ಟೇಪಿನ ಪೆಟ್ಟಿಗೆ ಮಂಚದ ಕೆಳಗೆ ವಾಪಸಾಯಿತು. ದಿನವೂ ಸಂಜೆ ಅಳಿಯ ಬಂದು ಟೀವಿ ಹಾಕಿಕೊಂಡು ಕೂರುತ್ತಿದ್ದ. ತುರ್ಕಿಸ್ತಾನ್ ದಾಟಿ, ಕಿಜಿಲೊರ್ದಾ ದಾಟಿ, ಅರಾಲ್ ಕಡೆಯ ಹುಲ್ಲುಗಾಡಿನಲ್ಲಿ ರಸ್ತೆ ಗಂಟೆಗಟ್ಟಲೆ ಬರುತ್ತಿತ್ತು. ಮೊದಲ ದಿನ ನಕ್ಕವರು ಮೂರನೆಯ ದಿನ ದಿಂಬು ತಂದರು. ಕುಲ್ಯಾಶ್ ಅಪಾ ಊರುಗಳ ಹೆಸರು ಹೇಳಿ ಎಲ್ಲರನ್ನೂ ಪರೀಕ್ಷೆ ಮಾಡುತ್ತಿದ್ದರು. ಒಂದು ಸೇತುವೆ ಬಂದಾಗ ರೋಬೆರ್ತ್, "ಅದರ ಬೆಸುಗೆ ನಂದು, ನಿಲ್ಲಿಸು, ಹಿಂದಕ್ಕೆ ತಗೋ" ಎಂದು ಕಿರುಚಿದ. ಫ್ಯಾನಿನ ಗೊರಗೊರ ಲಾರಿಯ ಸದ್ದಿಗೆ ಹೇಳಿ ಮಾಡಿಸಿದ ಹಾಗಿತ್ತು.

ಹತ್ತನೆಯ ಸಂಜೆ ಪರದೆಯ ಮೇಲೆ ಲಾರಿಯ ಕೊನೆಯ ನಿಲ್ದಾಣವಾದ ಅಕ್ತೊಬೆ ಊರಿನ ಫಲಕ ಬಂತು. ದೋಸ್ಬೋಲ್ ಯಂತ್ರದ ಲೆಕ್ಕ ನೋಡಿದ. ಒಂದೇ ಒಂದು ಮದುವೆಗೂ ಜಾಗ ಉಳಿದಿರಲಿಲ್ಲ. ಆದರೂ ಮುಗಿಯಿತಲ್ಲ ಎಂದು ಸಮಾಧಾನವಾಯಿತು. ನೋಡಿ ಬೇಜಾರಾದ ಮೇಲೆ ಅಳಿಸಿದರೆ ಅಳಿಯ ಬೇಡವೆನ್ನಲಾರ, ಕರುಣೆಯಿದ್ದವನೇ.

"ಅಂತೂ ಊರು ಸೇರಿದ್ರಿ" ಎಂದ.

"ಇದು ಬರೀ ಹೋಗಿದ್ದು ಮಾವ" ಎಂದ ಒರಿನ್ಬೆಕ್, ಪರದೆಯಿಂದ ಕಣ್ಣು ಕೀಳದೆ. "ವಾಪಸ್ ಬಂದಿದ್ದು ಇನ್ನೊಂದು ಮೂಟೆ ಇದೆ."

"ನಿಮ್ಮ ಮೂರೂ ಮುಗೀತಲ್ಲ!"

"ನಂದು ಮುಗೀತು. ನನ್ನ ತಂಗೀದು ಮೂರೂ ಹಾಗೇ ಇದೆ. ನಾಳೆ ರೈಲಿಗೆ ಬರ್ತಾಳೆ."