ಮಾಮನ ನಿಂಬೆಹಣ್ಣಿನ ಬೆರಳು

ತಲೆಗೆ ಟೊಪ್ಪಿಗೆ ಇಡುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಬೆರಳಿಗೆ ಟೊಪ್ಪಿಗೆ ಇಟ್ಟು ಬಸ್ ಹತ್ತುವವರನ್ನು? ಹಾಗಾದರೆ ನನ್ನ ಸೋದರಮಾವನನ್ನು ನೋಡಬೇಕು! ಉಗುರುಸುತ್ತಾದರೆ ನಿಂಬೆಹಣ್ಣಿಗೆ ತೂತು ಮಾಡಿ ಬೆರಳು ತೂರಿಸಿಕೊಳ್ಳುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಎಲ್ಲರೂ ಮನೆಯಲ್ಲಿ ಕೂರುತ್ತಾರೆ. ಮಾಮ ಮಾತ್ರ ಹಣ್ಣು ಒಣಗಿ ಗೋಲಿಯಾಗುವವರೆಗೂ ಊರೂರು ಸುತ್ತುತ್ತಾನೆ. ಒಮ್ಮೆ ಪ್ರೈವೇಟ್ ಬಸ್ಸಿನಲ್ಲಿ ಅತ್ತೆಯ ಪಕ್ಕ ಬೆರಳೆತ್ತಿ ಕೂತಿದ್ದಾನೆ. ಕಂಡಕ್ಟರ್ ಎತ್ತಿದ ಒಂದು ಬೆರಳು ನೋಡಿ ಒಂದೇ ಟಿಕೆಟ್ ಕೊಟ್ಟು ಮುಂದೆ ಹೋದನಂತೆ. ಅತ್ತೆ ಚಿತ್ರದುರ್ಗ ಬರುವವರೆಗೂ ಕಿಟಕಿ ಕಡೆ ಮುಖ ತಿರುಗಿಸಿ ಕೂತಿದ್ದಳಂತೆ.

ಮಾಮ ಮದುವೆ ಮನೆಗಳ ಅಡುಗೆಯವನು. ಭರಮಸಾಗರದಿಂದ ಹೊಳಲ್ಕೆರೆವರೆಗೆ ಅವನ ಗೋಧಿ ಪಾಯಸಕ್ಕೆ ಹೆಸರು. ಕಣ್ಣಿಗೆ ಕಾಣದ್ದರಲ್ಲಿ ದೇವರೊಬ್ಬನನ್ನು ಬಿಟ್ಟು ಏನನ್ನೂ ನಂಬುವುದಿಲ್ಲ. ನಾನೋ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳನ್ನೇ ಓದಿದವಳು! ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲ ತಲೆ ನನ್ನದು; ಅವ್ವ ಕಳೆ ಕಿತ್ತು ಓದಿಸಿದ್ದು. ದುರ್ಗದ ಲ್ಯಾಬಿನಲ್ಲಿ ಕೆಲಸ ಸಿಕ್ಕಾಗ ತುರುವನೂರಿನ ನಮ್ಮ ಮನೆಯಲ್ಲಿ ಊರವರಿಗೆ ಊಟ ಹಾಕಿಸುವುದೆಂದಾಯಿತು. ಆ ಊಟದ ಅಡುಗೆ ತನ್ನದೇ ಅಂತ ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಹೇಳುತ್ತ ಬಂದವನು ಮಾಮ.

ಸಾಮಾನು ಕೊಳ್ಳಲು ದುರ್ಗಕ್ಕೆ ಬಂದವನು ಲ್ಯಾಬಿಗೂ ಬಂದ. ಬಲಗೈ ಬೆರಳಿಗೆ ನಿಂಬೆಹಣ್ಣು! ತೆಗೆಸಿದರೆ ಒಳಗೆ ಕೀವು. ಪಕ್ಕದ ಕ್ಲಿನಿಕ್ಕಿನ ಡಾಕ್ಟರು ಕೀವು ತೆಗೆದು, ಕಟ್ಟು ಕಟ್ಟಿ, ಮಾತ್ರೆ ಬರೆದರು. ನಾನು ಆ ಕೀವನ್ನು ಲ್ಯಾಬಿನ ತಟ್ಟೆಗೆ ಸವರಿ ಬೆಳೆಯಲಿಟ್ಟೆ. ಮಾರನೇ ದಿನ ತಟ್ಟೆಯ ತುಂಬ ಹೊಂಬಣ್ಣದ ಚುಕ್ಕೆಗಳು. ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿಟ್ಟರೆ ನೇರಳೆ ದ್ರಾಕ್ಷಿ ಗೊಂಚಲು. ರಕ್ತದ ಪ್ಲಾಸ್ಮಾಕ್ಕೆ ಸೇರಿಸಿದರೆ ಮೊಸರಿನ ಹಾಗೆ ಹೆಪ್ಪುಗಟ್ಟಿತು. ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಕೀವಿನ ಬ್ಯಾಕ್ಟೀರಿಯಾ, ಅನುಮಾನವೇ ಇಲ್ಲ!

ಮಾಮನನ್ನು ಕರೆಸಿ ತೋರಿಸಿದೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ.

"ಚೆಂದ ಐತಲ್ಲೇ. ಪಾಯಸಕ್ಕೆ ಹಾಕಬೌದು."

"ನೀನು ಅಡುಗೆ ಮಾಡಿದ್ರೆ ಅದೇ ಆಗೋದು ಮಾಮ."

"ಕುದಿಸಿದ್ರೆ ಸಾಯಲ್ವೇನು?"

"ಇದು ಸಾಯುತ್ತೆ. ಕುದಿಸೋಕೆ ಮುಂಚೆ ಊಟದಾಗೆ ಬಿಟ್ಟಿರೋ ವಿಷ ಕುದಿಸಿದ್ರೂ ಹೋಗಲ್ಲ. ಉಂಡೋರೆಲ್ಲ ಸಂಜೆಗೆ ವಾಂತಿ."

ಗ್ಲೌಸ್ ಹಾಕಿಕೊಂಡರೆ ಆಗದೇ ಅಂತ ಕೇಳಿದ. ಗಾಯ ಮಾಯುವವರೆಗೂ ಒಲೆ ಕಡೆ ಬರಲೇಬಾರದು ಅಂದೆ. ಮಾಮ ಕಟ್ಟಿನ ಬೆರಳನ್ನೇ ನೋಡುತ್ತ ಕೂತ. ನನಗೆ ಓದಿದ್ದೇ ತಪ್ಪಾಯಿತೇನೋ ಅನ್ನಿಸಿತು.

ಊಟದ ದಿನ ಅತ್ತೆಯೇ ಸೌಟು ಹಿಡಿದಳು. ಮಾಮ ಪೆಂಡಾಲಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಂದವರಿಗೆಲ್ಲ ಕೈ ತೋರಿಸಿ, ಇದರಲ್ಲಿ ಕೆಟ್ಟ ಹುಳ ಐತೆ, ನಮ್ಮ ಹುಡುಗಿ ಹಿಡಿದಾಳೆ, ಅದಕ್ಕೇ ಇವತ್ತು ಅಡುಗೆ ನಂದಲ್ಲ ಅಂತ ಸಾರುತ್ತಿದ್ದ! ಅಡುಗೆಯವನು ಹೇಳಿಕೊಳ್ಳುವ ಮಾತೇ ಇದು? ಪಕ್ಕಕ್ಕೆ ಎಳೆದು, ಹೀಗಂದರೆ ನಾಳೆ ನಿನ್ನನ್ನು ಯಾರು ಕರೆಯುತ್ತಾರೆ ಅಂತ ಬೈದೆ.

"ಕರೀದಿದ್ರೆ ಬಿಡ್ಲಿ. ಅಡುಗೆಯೋರು ಊರಿಗೊಬ್ರು ಇದಾರೆ. ಹುಳ ಹಿಡಿಯೋಳು ನಮ್ಮ ವಂಶಕ್ಕೆ ನೀನೊಬ್ಳೇ ಕಣವ್ವ."

ಕೊನೆಯ ಪಂಕ್ತಿಯಲ್ಲಿ ಅವನನ್ನು ಕೂರಿಸಿ ನಾನೇ ಪಾಯಸ ತಿನ್ನಿಸಿದೆ. ಗೋಧಿ ಸರಿಯಾಗಿ ಬೆಂದಿರಲಿಲ್ಲ, ಬೆಲ್ಲವೂ ಸಾಲದು, ನನಗೇ ಗೊತ್ತಾಗುತ್ತಿತ್ತು. ಮಾಮ ಕಣ್ಣು ಒರೆಸಿಕೊಂಡು, "ಇನ್ನೊಂದು ಚಮಚ ಹಾಕವ್ವ" ಅಂದ.