ರಾಕ್ಷಸನ ಮುಂಡು ಮತ್ತು ನನ್ನ ಸಿಟ್ಟು

ನನ್ನ ಬಿಪಿ ಏರಿದಾಗೆಲ್ಲ ಹೆಂಡತಿ ಉಪ್ಪು ಕಡಿಮೆ ಮಾಡುತ್ತಾಳೆ. ತಪ್ಪು ಉಪ್ಪಿನದಲ್ಲ, ಒಬ್ಬ ರಾಕ್ಷಸನದು. ಮೈಸೂರಿನವನಾದ ನಾನು ಕೊಚ್ಚಿಯ ಸಣ್ಣ ಕಂಪನಿಯೊಂದರಲ್ಲಿ ಸೂಪರ್‌ಹೀರೋ ಕಾಮಿಕ್ಸಿಗೆ ಚಿತ್ರ ಬರೆಯುತ್ತೇನೆ. ಹೀರೋನ ಎದುರಾಳಿ, ಬಂಡೆ ಮೈಯ, ಅಪಾರ್ಟ್‌ಮೆಂಟಿನಷ್ಟು ಎತ್ತರದ ದೈತ್ಯ ನನ್ನ ಪಾಲಿಗೆ ಬಂದಿದ್ದಾನೆ. ಅವನಿಂದಾಗಿ ನನ್ನ ಪಿತ್ತ ನೆತ್ತಿಗೇರದ ವಾರವೇ ಇಲ್ಲ.

ಅಣ್ಣ

ಮೊದಲ ಸಂಚಿಕೆಯಲ್ಲೇ ಶುರುವಾಯಿತು. ಬಾಸ್ ಪುಟ ನೋಡಿ, "ಎಡೋ, ಏನಯ್ಯಾ ಇದು? ಬರೀ ಹೆಬ್ಬೆರಳು ಕಾಣ್ತಿದೆ" ಅಂದರು.

"ಅಷ್ಟು ದೊಡ್ಡವನು ಸಾರ್. ಹೆಬ್ಬೆರಳು ನೋಡೇ ಹೆದರಬೇಕು."

"ಜನ ಓದೋದು ಫೋನಿನಲ್ಲಿ. ಆಳು ಪೂರ್ತಿ ಕಾಣಲಿ."

ಪೂರ್ತಿ ಬರೆದೆ. ಪಕ್ಕದಲ್ಲಿದ್ದ ಹೀರೋ ಸೊಳ್ಳೆಯಷ್ಟಾದ.

"ಹೀರೋ ಎಲ್ಲಿ?"

ಬೆರಳಿಟ್ಟು ತೋರಿಸಿದೆ.

"ಛೆ! ಅವನನ್ನ ದೊಡ್ಡದು ಮಾಡು."

ಹಲ್ಲು ಕಡಿಯುತ್ತ ಅದನ್ನೂ ಮಾಡಿದೆ. ಇಬ್ಬರೂ ಒಂದೇ ಎತ್ತರವಾಗಿ, ಮದುವೆ ಫೋಟೋಗೆ ನಿಂತ ಹಾಗೆ ಕಂಡರು. ನನಗೆ ತಡೆಯಲಾಗಲಿಲ್ಲ. "ಈಗ ಇವನು ರಾಕ್ಷಸ ಅಲ್ಲ ಸಾರ್, ಹೀರೋನ ಅಣ್ಣ!" ಅಂತ ಕಿರುಚಿದೆ.

ಬಾಸ್ ಮುಖ ಅರಳಿತು. "ಎಂಥ ಐಡಿಯಾ! ಮುಂದಿನ ಸಂಚಿಕೆಯಿಂದ ಅಣ್ಣ ಅಂತಲೇ ಮಾಡೋಣ."

ಮಾಡಿಯೇಬಿಟ್ಟರು.

ಮುಂಡು

ಅಣ್ಣ ಅಂದಮೇಲೆ ಮೈಮೇಲೆ ಬಟ್ಟೆ ಬೇಡವೇ ಅಂತ ಎಲ್ಲರೂ ತಗಾದೆ ತೆಗೆದರು. ಸರಿ, ಸಿಟ್ಟು ಬಂದಾಗ ಮತ್ತೆ ಕಟ್ಟಡದಷ್ಟು ಬೆಳೆಯುವ ಅಣ್ಣನಿಗೆ ನಮ್ಮ ಪಂಚೆಯಂಥದೇ ಮುಂಡು ಉಡಿಸಿ, ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿಸಿ, ಸೇತುವೆಗೆ ಒದೆಯುವ ಹಾಗೆ ಬರೆದೆ. ಚೆನ್ನಾಗಿಯೇ ಬಂದಿತ್ತು.

ಚಿತ್ರಕ್ಕೆ ಬಣ್ಣ ತುಂಬುವವರು ನಮ್ಮ ಚೇಚಿ. ವಯಸ್ಸಿನಲ್ಲಿ ದೊಡ್ಡವರು, ಆಫೀಸಿಗೆಲ್ಲ ಅಕ್ಕ. ಅವರು ಪುಟವನ್ನು ತುಂಬ ಹೊತ್ತು ನೋಡಿದರು.

"ಈ ಮೂಲೇಲಿ ನಿಂತಿರೋರು ಹೀರೋನ ಮೇಷ್ಟ್ರಲ್ವಾ?"

"ಹೌದು ಚೇಚಿ. ಇನ್ನೇನು ಅವರನ್ನ ತುಳೀತಾನೆ."

"ತುಳೀಲಿ, ನಾನು ಬೇಡ ಅನ್ನಲ್ಲ. ಆದ್ರೆ ಹಿರಿಯರ ಮುಂದೆ ಮುಂಡು ಎತ್ತಿ ಕಟ್ಟಿಕೊಂಡು ನಿಲ್ತಾರಾ ಯಾರಾದ್ರೂ? ಮೊದಲು ಕೆಳಗಿಳಿಸಲಿ, ಆಮೇಲೆ ತುಳೀಲಿ."

ಉಳ್ಳೂರಿನ ಡಾಕ್ಟರು

ಕೆಲವು ತಿಂಗಳು ನನ್ನನ್ನು ತಿರುವನಂತಪುರದ ಶಾಖೆಗೆ ಹಾಕಿದರು. ಉಳ್ಳೂರಿನಲ್ಲಿ ಒಂದು ಮನೆಯ ಮಹಡಿ ಬಾಡಿಗೆಗೆ ಹಿಡಿದೆ. ಅರಚುವ ಬಾಯಿ ಬರೆಯಬೇಕಾದರೆ ಕನ್ನಡಿ ಮುಂದೆ ನಿಂತು ಅರಚಿ ನೋಡಬೇಕು. ನಮ್ಮ ಕಸುಬೇ ಹಾಗೆ. ಕೆಳಗಿನ ಮನೆಯೊಡತಿ ಇದನ್ನು ಕೇಳಿ ಕೇಳಿ ಹೆದರಿ, ಒಂದು ಬೆಳಿಗ್ಗೆ ತಮ್ಮ ಅಣ್ಣನನ್ನು ಮಹಡಿಗೆ ಕರೆತಂದರು. ಅವರು ನಿವೃತ್ತ ಮನೋವೈದ್ಯರು.

"ಏನು ಕೆಲಸ ಮಾಡ್ತೀರಿ?" ಬಲು ಮೆತ್ತಗೆ ಕೇಳಿದರು.

"ಒಬ್ಬ ರಾಕ್ಷಸನ್ನ ನೋಡಿಕೊಳ್ತೀನಿ."

"ದೊಡ್ಡವನಾ?"

"ಇಲ್ಲಿನ ಆಸ್ಪತ್ರೆ ಕಟ್ಟಡದಷ್ಟು."

"ನಿಮ್ಮ ಹತ್ತಿರ ಮಾತಾಡ್ತಾನಾ?"

"ಇಲ್ಲ ಡಾಕ್ಟ್ರೇ, ನನ್ನ ಹತ್ತಿರ ಬರೀ ಅರಚೋದು. ಮಾತೆಲ್ಲ ಕೊಚ್ಚಿಯಿಂದ ಬರುತ್ತೆ."

ಅವರು ತಂಗಿಯ ಕಡೆ ನೋಡಿದ ನೋಟಕ್ಕೆ ನನಗೆ ಮೈಯೆಲ್ಲ ಉರಿದುಹೋಯಿತು. ಫೋನಿನಲ್ಲಿ ನಮ್ಮ ಕಾಮಿಕ್ಸ್ ತೆರೆದು ಕೈಗೆ ತುರುಕಿದೆ. ಅಲ್ಲೇ ಕೂತು ಕೊನೆಯವರೆಗೂ ಓದಿದರು. ಕ್ಷಮೆ ಕೇಳಿದರು. ಮೆಟ್ಟಿಲು ಇಳಿಯುವ ಮುಂಚೆ ತಿರುಗಿ ನಿಂತು, "ತಮ್ಮನ ಮೇಲೆ ಇಷ್ಟು ಸಿಟ್ಟು ಯಾಕೆ ಇವನಿಗೆ? ಬಾಲ್ಯದಲ್ಲಿ ಏನಾದ್ರೂ ಆಗಿತ್ತಾ?" ಅಂದರು.

ನಮಸ್ಕಾರ

ಕೊಚ್ಚಿಗೆ ವಾಪಸಾದ ಮೇಲೆ ಕಲೂರಿನ ಒಂದು ಹಾಲ್‌ನಲ್ಲಿ ಓದುಗರ ಸಭೆ. ರಾಕ್ಷಸನ ವೇಷ ಹಾಕಬೇಕಿದ್ದವನು ಕೈಕೊಟ್ಟ. ಆಫೀಸಿಗೆಲ್ಲ ನಾನೇ ಉದ್ದ. ಸ್ಪಂಜಿನ ಆ ಚೀಲದೊಳಗೆ ನನ್ನನ್ನೇ ತುಂಬಿ ವೇದಿಕೆಗೆ ನೂಕಿದರು.

ಒಳಗೆ ಬೆವರು ಧಾರಾಕಾರ. ಹೊರಗೆ ಬಾಸ್ ಮೈಕ್ ಹಿಡಿದು, "ಈ ರಾಕ್ಷಸನ್ನ ಕಲ್ಪಿಸಿದವನೂ ನಾನೇ, ಗೆರೆ ಗೆರೆ ಬರೆದವನೂ ನಾನೇ" ಅನ್ನುತ್ತಿದ್ದಾರೆ! ಯಾವ ಸಂಚಿಕೆಯಲ್ಲೂ ನನ್ನ ಹೆಸರು ಹಾಕಿರಲಿಲ್ಲ. ಅದನ್ನು ನುಂಗಿಕೊಂಡಿದ್ದೆ. ಇದನ್ನು ನುಂಗಲಾಗಲಿಲ್ಲ. ಆಫೀಸಿನಲ್ಲಿ ಅರೆಬರೆ ಮಲಯಾಳಂ, ಇಂಗ್ಲಿಷು ಆಡಿದರೂ ಸಿಟ್ಟು ಬಂದರೆ ನನಗೆ ಕನ್ನಡವೇ ಬರೋದು. ಮೈಕ್ ಕಿತ್ತುಕೊಂಡು ಗುಡುಗಿದೆ: "ಕಳ್ ನನ್ಮಗನೇ, ಬರೆದಿದ್ದು ನಾನು!"

ಮರುಕ್ಷಣವೇ ಶಿಳ್ಳೆ, ಚಪ್ಪಾಳೆ. ರಾಕ್ಷಸನಿಗೆ ಅವನದೇ ಒಂದು ಭಾಷೆ ಇದೆ ಅಂತ ಮಕ್ಕಳಿಗೆ ಖುಷಿಯೋ ಖುಷಿ.

ಬಾಸ್ ಮುಖವಾಡದ ತೂತಿಗೆ ಬಾಯಿಟ್ಟು, "ಸೂಪರ್! ಏನಿದರ ಅರ್ಥ?" ಅಂದರು.

ಕೆಲಸ ಉಳಿಯಬೇಕಲ್ಲ. "ಎಲ್ಲರಿಗೂ ನಮಸ್ಕಾರ, ಅಂತ ಸಾರ್."

ಅವರು ಅದನ್ನು ಬಾಯಿಪಾಠ ಮಾಡಿಕೊಂಡಿದ್ದು ನನಗೆ ಗೊತ್ತಾಗಿದ್ದು, ನಮ್ಮ ಕಾಮಿಕ್ಸನ್ನು ಕನ್ನಡಕ್ಕೆ ತರುವ ಮಾತುಕತೆಗೆ ಬೆಂಗಳೂರಿನ ಹಿರಿಯ ಪ್ರಕಾಶಕರೊಬ್ಬರು ಆಫೀಸಿಗೆ ಬಂದ ದಿನ. ನಾನು ಕುರ್ಚಿಯಿಂದ ಎದ್ದು ಓಡುವಷ್ಟರಲ್ಲಿ ಬಾಸ್ ಅವರೆದುರು ಕೈಮುಗಿದು, ಸೊಂಟ ಬಗ್ಗಿಸಿ, ಒಂದಕ್ಷರವೂ ತಪ್ಪದ ಹಾಗೆ, "ಕಳ್ ನನ್ಮಗನೇ, ಬರೆದಿದ್ದು ನಾನು!" ಅಂದುಬಿಟ್ಟರು.

ನಮಸ್ಕಾರಕ್ಕೆಂದು ಮೇಲೆದ್ದ ಹಿರಿಯರ ಕೈ ಎದೆಯ ಹತ್ತಿರವೇ ನಿಂತುಹೋಯಿತು. "ಇದನ್ನ... ಯಾರು ಹೇಳಿಕೊಟ್ಟರು ನಿಮಗೆ?" ಅಂತ ಇಂಗ್ಲಿಷಿನಲ್ಲಿ ಕೇಳಿದರು.

ಬಾಸ್ ನನ್ನ ಹೆಗಲು ಹಿಡಿದು ಮುಂದಕ್ಕೆಳೆದು, ಹೆಮ್ಮೆಯಿಂದ ಬೆನ್ನು ತಟ್ಟಿ, ಇಷ್ಟು ವರ್ಷದಲ್ಲಿ ಮೊದಲ ಸಲ ಅಂದರು:

"ಇದರ ಕ್ರೆಡಿಟ್ ಪೂರ್ತಿ ಇವನದೇ!"